ಅಳೆಯದೆ ಉಳಿದ ತೋಳು

ಹತ್ತಿಕುಣಿಯಲ್ಲಿ ಒಬ್ಬ ಮುದುಕಿ ಇದ್ದಳಂತೆ. ಉಂಡೆಯಾ ಎಂದು ಯಾರು ಕೇಳಿದರೂ ಉಂಡೆ ಎನ್ನುತ್ತಿದ್ದಳಂತೆ. ಒಂದು ದಿನ ತಕ್ಕಡಿಯೂ ಅವಳ ಮಾತನ್ನೇ ಹೇಳಿತಂತೆ.

"ನಿಲ್ಲವಲ್ವು ನೋಡ್ರಿ," ಎಂದಳು ಬಳೆಗಾರ್ತಿ ಖಾಜಾಬೀ, ಆ ಮುದುಕಿ ಗೊಲ್ಲಾಳಮ್ಮನ ಹೆಣಕ್ಕೆ ಹಸಿರು ಬಳೆ ತೊಡಿಸುತ್ತ. ಮುತ್ತೈದೆ ಬರಿಗೈಯಲ್ಲಿ ಹೋಗಬಾರದು. ಆದರೆ ಕೈ ತುಸು ಎತ್ತಿದರೂ ಬಳೆಗಳು ಮೊಣಕೈ ದಾಟಿ ರಟ್ಟೆಗೆ ಜಾರುತ್ತಿದ್ದವು. "ಯುಗಾದಿಗೆ ಒಂದು ಅಳತಿ ಸಣ್ಣವು ಹಾಕಿದೆ. ಪಂಚಮಿಗೆ ಇನ್ನೂ ಸಣ್ಣವು."

"ಕಾಲು ನೋಡಬೇ, ಬಾತು ಕಂಬ ಆಗ್ಯಾವ," ಎಂದ ಗಂಡ ಮರಿಲಿಂಗಪ್ಪ. "ದವಾಖಾನ್ಯಾಗ ತೂಕ ಮಾಡಿ ಗಟ್ಟಿ ಅದಾಳ ಅಂದ್ರು."

"ಅದು ನೀರಿನ ತೂಕ ಯಣ್ಣ. ಕೈ ಬಳಿಗಾರ್ತಿಗಿ ಗೊತ್ತು. ನನ್ನ ಯಾರರ ಕೇಳಿದ್ರೇನು?"

ಅಂಗಳದಲ್ಲಿ ನಿಂತಿದ್ದ ಪಂಚಶೀಲಾ ಕೈಚೀಲವನ್ನು ಎದೆಗವಚಿಕೊಂಡಳು. ಯಾದಗಿರಿಯ ಆಸ್ಪತ್ರೆಯಲ್ಲಿ ನರ್ಸು ಅವಳು. ಗಟ್ಟಿ ಎಂದು ಬರೆದವಳು ಅವಳೇ.

*

ಆ ತಿಂಗಳು ವಾರ್ಡಿನಲ್ಲಿ ಒಂದು ಪರೀಕ್ಷೆ ನಡೆದಿತ್ತು. ರೋಗಿಗೆ ಅಪೌಷ್ಟಿಕತೆ ಇದೆಯೇ ಎಂದು ತಿಳಿಯಲು ಎರಡು ಹಾಳೆ. ಒಂದರಲ್ಲಿ ತೂಕ ಮತ್ತು ಎರಡು ಪ್ರಶ್ನೆ, ಇನ್ನೊಂದರಲ್ಲಿ ತೋಳಿನ ಸುತ್ತಳತೆ; ಅದು ಇಪ್ಪತ್ತಮೂರು ಸೆಂಟಿಮೀಟರಿಗಿಂತ ಕಡಿಮೆಯಾದರೆ ಕೊರತೆ. ಯಾವುದು ನಿಜ ಹೇಳುತ್ತದೆಂದು ಡಾಕ್ಟರು ತಾಳೆ ನೋಡುವವರಿದ್ದರು. ಯಾವುದರಲ್ಲಿ ಕೊರತೆ ಕಂಡರೂ ರೋಗಿಗೆ ಮೊಟ್ಟೆ, ಹಾಲು.

ಗೊಲ್ಲಾಳಮ್ಮ ಐವತ್ತೊಂದು ಕೆಜಿ ತೂಗಿದಳು.

"ತೂಕ ಇಳದೈತೇನ್ ಆಯಿ?"

"ಎಲ್ಲಿ ಇಳೀತದ ಯವ್ವ, ಕಾಲು ಎತ್ತಾಕ ಆಗವಲ್ದು."

"ಊಟ?"

"ಉಂಡೀನ್ರಿ."

ಪಂಚಶೀಲಾ 'ಕೊರತೆ ಇಲ್ಲ' ಎಂದು ಗುರುತು ಹಾಕಿದಳು. ಟೇಪನ್ನು ಯಾರೋ ಹೆರಿಗೆ ವಾರ್ಡಿಗೆ ಒಯ್ದಿದ್ದರು. "ತೋಳು ನಾಳಿ ಅಳೀತೀನಿ."

"ಯಾಕ, ಜಂಪರ್ ಹೊಲಸ್ತಿಯೇನು ನಂಗ?" ಮುದುಕಿ ನಕ್ಕಳು. "ಮಾತು ಕೊಡು ಮತ್ತ."

"ಕೊಟ್ಟೆ."

ಮರುದಿನ ಟೇಪು ಬಂತು, ಮೂವರು ಹೊಸ ರೋಗಿಗಳೂ ಬಂದರು. ಹೇಗೂ ಗಟ್ಟಿ ಇದ್ದವಳು. ಅವಳ ಸರದಿ ಹಿಂದೆ ಬಿತ್ತು. ಪಂಚಶೀಲಾ ಹಾಯ್ದಾಗಲೆಲ್ಲ ಮುದುಕಿ ಸೆರಗಿನೊಳಗಿಂದ ತೋಳು ಚಾಚುತ್ತಿದ್ದಳು. ನಾಳಿ ಆಯಿ, ನಾಳಿ. ಒಂಬತ್ತನೆಯ ದಿನ ಹಾಸಿಗೆ ಖಾಲಿಯಾಯಿತು.

*

"ದವಾಖಾನಿ ಬ್ರೆಡ್ಡು, ಗಂಜಿ ಎಲ್ಲಾ ನಂಗೇ ಕೊಡ್ತಿದ್ಲು," ಎಂದ ಮರಿಲಿಂಗಪ್ಪ, ಯಾರೂ ಕೇಳದಿದ್ದರೂ. "ನಂದು ಆಗೇದ ಅಂತಿದ್ಲು. ನಾನೂ ತಿಂದೆ."

ಖಾಜಾಬೀ ಕೊನೆಯ ಬಳೆ ತೊಡಿಸಿದಳು.

"ಲಗೂನ ಮಾಡ್ರಿ, ಕುಣಿ ತಯಾರಾಗೇದ," ಎಂದು ಹೊರಗಿನಿಂದ ಕೂಗು ಬಂತು.

ಪಂಚಶೀಲಾ ಹೆಣದ ಪಕ್ಕ ಕುಳಿತು ಚೀಲದಿಂದ ಟೇಪು, ಎರಡನೆಯ ಹಾಳೆ ತೆಗೆದಳು. "ಕಾಕಿ, ಒಂದೀಟು ಕೈ ಹಿಡಿ."

ಖಾಜಾಬೀ ಕಣ್ಣು ಕೆಕ್ಕರಿಸಿದಳು. "ಸತ್ತಮ್ಯಾಲ ಏನು ಅಳೀತೀಯೇ ತಾಯಿ?"

"ಸತ್ತಮ್ಯಾಲ ಅಳದೀನಂತನೇ ಬರೀತೀನಿ. ಹಾಳಿ ನಾಳಿ ಡಾಕ್ಟರ್ ಕಡಿ ಹೋಗ್ತಾವ. ಇದು ಖಾಲಿ ಹೋದ್ರ, ಆಯಿ ಉಂಡಾಳಂತ ಆಗ್ತದ."

ಖಾಜಾಬೀ ಮರಿಲಿಂಗಪ್ಪನ ಮುಖ ನೋಡಿದಳು. ಅವನು ಎದ್ದು ಬಂದು, ತಾನೇ ಹೆಂಡತಿಯ ಕೈ ಎತ್ತಿ ಹಿಡಿದ.

ಹಸಿರು ಬಳೆಗಳು ಸರ್ರನೆ ಜಾರಿ ರಟ್ಟೆಗೆ ಬಂದು ನಿಂತವು. ಅವುಗಳನ್ನು ಸರಿಸಬೇಕಾಗಲೇ ಇಲ್ಲ. ಟೇಪು ಗಾಜಿಗೂ ಚರ್ಮಕ್ಕೂ ನಡುವೆ ನುಸುಳಿ, ಒಂದು ಬಳೆಯನ್ನೂ ಸದ್ದು ಮಾಡಿಸದೆ ಸುತ್ತು ಬಂದು ಕೂಡಿತು.

ಹದಿನೈದು.