ಚಪ್ಪಾಳೆಯ ಕುಣಿತ

ರೈಲು ಬಂತೆಂದರೆ ಕಣಿವೆಯಂಚಿನ ಆ ಹಳ್ಳಿಗೆ ಹುಚ್ಚು ಹಿಡಿಯುತ್ತಿತ್ತು. ಬಿಳಿಯರು ಟೋಪಿ ಹಿಡಿದುಕೊಂಡು ಓಡಿಬಂದು, ಅಂಚಿನ ಗೋಡೆಯಾಚೆ ಕಣಿವೆಗೆ ಒಮ್ಮೆ ಇಣುಕಿ, ಬಾಯಿ ಕಳೆದು, ಊಟದ ಗಂಟೆ ಬಾರಿಸಿದ್ದೇ ತಡ ಹೋಟೆಲಿಗೆ ದೌಡಾಯಿಸುತ್ತಿದ್ದರು. ಆ ನೆಲದ ಮೂಲನಿವಾಸಿಗಳಾದ ಹೋಪಿ ಜನ ಭೂಮಿಯೊಳಗಿಂದ ಮೇಲೆ ಬಂದದ್ದು ಆ ಕಣಿವೆಯ ತಳದಿಂದ. ಸತ್ತವರು ಮರಳುವುದೂ ಅಲ್ಲಿಗೇ. ಈ ಮಹಾಶಯರಿಗೆ ಮಾತ್ರ ಅದು ಹಸಿವು ಹೆಚ್ಚಿಸುವ ಗಾಳಿ.

ಹೋಪಿಯವನಾದ ಹೊನ್ವಂತಿವಾ ಹೋಟೆಲಿನ ಕೂಲಿಗೆ ದಿನಾ ಸಂಜೆ ಅವರೆದುರು ಏನೋ ಒಂದಿಷ್ಟು ಹಾರಿ ಕುಣಿಯುತ್ತಿದ್ದ. ಹೆಂಡತಿ ಹೋಟೆಲಿನ ಅಂಗಡಿಯಲ್ಲಿ ಕೂತು ಗಡಿಗೆ ಮಾಡುತ್ತಿದ್ದಳು. ದೂರದ ತಮ್ಮ ಊರಲ್ಲೇ ಇದ್ದರೆ ಸರ್ಕಾರದವರು ಮಗಳು ತಲಾಸಿಯನ್ನು ದೂರದ ಶಾಲೆಗೆ ಎಳೆದೊಯ್ದು, ಕೂದಲು ಕತ್ತರಿಸಿ, ಭಾಷೆ ಮರೆಸುತ್ತಾರೆ. ಹೋಟೆಲಿನವರ ಆಳುಗಳ ತಂಟೆಗೆ ಅವರು ಬರುವುದಿಲ್ಲ. ಅದಕ್ಕೇ ಈ ಅವಮಾನವನ್ನೆಲ್ಲ ಅವನು ನುಂಗಿಕೊಂಡಿದ್ದ.

ಆ ದಿನ ಮ್ಯಾನೇಜರ್ ಪೆಂಡಲ್ ಹೊಸ ವರಾತ ತೆಗೆದ. ಅವನ ಬಾಯಲ್ಲಿ ರೆಡ್ ಇಂಡಿಯನ್ನರೆಲ್ಲ 'ನಾಯಕ'ರೇ. ಹೆಸರು ಕಲಿಯುವ ಕಷ್ಟ ಯಾರಿಗೆ ಬೇಕು!

"ನಾಯಕ, ಈ ಹಾರಾಟ ಸಾಕು. ಊರಲ್ಲಿ ಮಳೆಗೆ ಅಂತ ಕುಣೀತೀರಲ್ಲ, ಅದು ಬೇಕು. ಇವತ್ತೇ. ಇಲ್ಲಾಂದ್ರೆ ನಾಳೆ ಗಂಟುಮೂಟೆ ಕಟ್ಟು."

ಅದು ಪ್ರಾರ್ಥನೆ. ಊರಲ್ಲಿ ಅದಕ್ಕೆ ಯಾರೂ ಚಪ್ಪಾಳೆ ಕೂಡ ತಟ್ಟುವುದಿಲ್ಲ.

"ಏನ್ ಭಾವ, ಕೊಟ್ಬಿಡ್ತೀಯಾ?" ಎಂದ ಡೋಲು ಬಡಿಯುವ ಕುವಾನಿ, ಹೆಂಡತಿಯ ತಮ್ಮ.

"ಕೊಡ್ತೀನಿ, ಅವರದ್ದನ್ನೇ ಅವರಿಗೆ. ನೀನು ಮುಖ ಬಿಗ್ದುಕೊಂಡು ಬಡಿ. ನಕ್ಕರೆ ನೋಡು!"

ಊರಲ್ಲಿ ದಾರಿ ತಪ್ಪಿದವರನ್ನು ವಿದೂಷಕರು ಅಣಕಿಸಿ ನಾಚಿಸುತ್ತಾರೆ. ಹೊನ್ವಂತಿವಾ ಹಾಗೇ ಮಾಡಿದ. ರೈಲಿಳಿದಂತೆ ಹಾರಿದ, ಇಲ್ಲದ ಟೋಪಿ ಹಿಡಿದುಕೊಂಡ, ಇಣುಕಿದ, ಬಾಯಿ ಕಳೆದ, ಹೊಟ್ಟೆ ಸವರಿಕೊಂಡು ಕುಂಡೆ ಕುಣಿಸುತ್ತ ಓಡಿದ. ಒಬ್ಬರಾದರೂ ನಾಚಬೇಡವೇ? ಗಂಡಸರು ಇದೇ ಆ ಪ್ರಾರ್ಥನೆಯೆಂದು ನಂಬಿ ಟೋಪಿ ತೆಗೆದು ತಲೆಬಾಗಿ ನಿಂತರು. ಒಬ್ಬ ದಪ್ಪ ಹೆಂಗಸು ಕಣ್ಣೊರೆಸಿಕೊಂಡಳು. ನಾಚಿಕೆ ಎಂಬುದು ಆ ಜನರ ಸಾಮಾನಿನ ಪಟ್ಟಿಯಲ್ಲೇ ಇರಲಿಲ್ಲ.

"ಕಳ್ಳ, ಇಷ್ಟು ದಿನ ಬಚ್ಚಿಟ್ಟಿದ್ಯಲ್ಲ!" ಪೆಂಡಲ್ ಬೆನ್ನು ತಟ್ಟಿದ. "ನಿನ್ನ ಜಾಗ ಗಟ್ಟಿ. ಇನ್ಮೇಲೆ ದಿನಾ ಇದೇ."

ಹೊನ್ವಂತಿವಾ ನಗು ತಡೆದುಕೊಂಡು ತಿರುಗಿದ. ತಲಾಸಿ ಬಿಳಿಯರ ನಡುವೆ ನಿಂತು ಅವರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು. ಕಾಲು ನೆಟ್ಟಗಾಗುವ ಮೊದಲೇ ಇಲ್ಲಿಗೆ ಬಂದವಳು, ಊರಿನ ನಿಜವಾದ ಕುಣಿತ ಕಂಡವಳೇ ಅಲ್ಲ.

"ಅಪ್ಪಾ," ಎಂದು ಆಕಾಶ ನೋಡಿದಳು, "ಈಗ ಮಳೆ ಬರತ್ತಾ?"

ಮಗಳಿಗೆ ತನ್ನವರದ್ದನ್ನು ಮರೆಸುವ ಶಾಲೆಯವರ ಕೆಲಸವನ್ನು ಹೊನ್ವಂತಿವಾ ತಾನೇ ಮಾಡಿ ಮುಗಿಸಿದ್ದ.

"ಗಂಟು ಕಟ್ಟೇ," ಎಂದ ಹೆಂಡತಿಗೆ.

"ಜಾಗ ಗಟ್ಟಿ ಅಂದ್ನಲ್ಲ! ಊರಿಗೆ ಹೋದ್ರೆ ಮಗಳ್ನ ಎತ್ಕೊಂಡ್ ಹೋಗ್ತಾರೆ."

"ಮೆಕ್ಕೆಜೋಳದ ರಾಶಿ ಹಿಂದೆ ಅಡಗಿಸಿಡೋಣ. ಅಲ್ಲಿಂದಾನೇ ಅವಳು ಒಂದ್ಸಲ ನಿಜವಾದ ಮಳೆ ಕುಣಿತ ನೋಡ್ಲಿ."