ಎಳ್ಳಮಾವಾಸ್ಯೆಯ ಬೆಂಕಿ ಕಾವಲು

ಜಟ್ಟೆಪ್ಪನ ಕೆಲಸವನ್ನು ಕೆಲಸವೆಂದು ಒಪ್ಪಿದವರು ಕಡಿಮೆ. ಪುಣೆ ಹತ್ತಿರದ ಚಾಕಣದ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮುಗಿದು ಎಲ್ಲರೂ ಚಹಾಕ್ಕೆ ಹೋದ ಮೇಲೆ, ಅದೇ ಜಾಗದಲ್ಲಿ ನೀರಿನ ಬಕೆಟ್ ಇಟ್ಟುಕೊಂಡು ಒಂದು ತಾಸು ಕೂಡುವುದು, ಎಲ್ಲಾದರೂ ಕಿಡಿ ಅಡಗಿ ಹೊಗೆಯಾಡುತ್ತಿದೆಯೇ ಎಂದು ನೋಡುವುದು. ಇಷ್ಟೇ. ಹನ್ನೊಂದು ವರ್ಷ ಕೂತ, ಒಮ್ಮೆಯೂ ಬೆಂಕಿ ಬೀಳಲಿಲ್ಲ. ಬೆಂಕಿಯೇ ಬೀಳದ ಮೇಲೆ ಇವನ್ಯಾಕೆ ಎಂದು ಗುತ್ತಿಗೆದಾರ ಮನೆಗೆ ಕಳಿಸಿದ. ಬುದ್ಧಿವಂತಿಕೆ ಅಂದರೆ ಹೀಗಿರಬೇಕು ನೋಡಿ!

ಆರು ತಿಂಗಳು ಹೆಂಡತಿ ಯಮನವ್ವ ಮಂದಿಯ ಮನೆಯ ಪಾತ್ರೆ ತಿಕ್ಕಿ ತಂದದ್ದರಲ್ಲೇ ಉಂಡು ಅವನಿಗೆ ತನ್ನ ಮೇಲೇ ಹೇಸಿಗೆ ಹುಟ್ಟಿತ್ತು. ಆಗ ಧನಕವಡಿಯ ಲೋಕನಾಥರು ಹೇಳಿಕಳಿಸಿದರು. ಇವನಂತೆಯೇ ವಿಜಯಪುರದ ಕಡೆಯವರು, ಕಾರಕೂನಿಕೆ ಮಾಡಿ ನಿವೃತ್ತರಾದವರು. ಮಹಡಿಯ ಕೋಣೆ ತುಂಬ ಹವ್ಯಾಸಕ್ಕೆಂದು ಪುಟ್ಟ ರೈಲುದಾರಿ ಕಟ್ಟಿದ್ದರು. ಥರ್ಮಾಕೋಲಿನ ಗುಡ್ಡ, ಕಟ್ಟಿಗೆ ಹೊಟ್ಟಿಗೆ ಹಸಿರು ಬಣ್ಣ ಹಚ್ಚಿ ಮಾಡಿದ ಹೊಲ, ಭೀಮಾ ನದಿಯ ಮೇಲೆ ಹಿತ್ತಾಳೆಯ ಸೇತುವೆ. ಹದಿನಾಲ್ಕು ವರ್ಷದ ಶ್ರಮ. ಈಗ ಸೇತುವೆಯ ಬೆಸುಗೆ ಬಿಟ್ಟಿತ್ತು.

"ನಾ ಬೆಸಗಿ ಹಾಕ್ತೀನಿ, ನೀ ಕಾವಲ ಕುಂದ್ರು," ಎಂದರು ಲೋಕನಾಥರು. "ನನ್ನ ತಂಗಿ ಮಗ ವಿನೀತ ಚಾಕಣದಾಗ ಸೇಫ್ಟಿ ಆಫೀಸರ್ ಇದ್ದಾನ. ಸಂಜಿಗೆ ಬರ್ತಾನ, ನಿನ್ನ ಕೆಲಸದ ಮಾತ ಆಡ್ತೀನಿ."

"ಸೇತುವಿ ಬಿಚ್ಚಿ ಹೊರಗ ಒಯ್ದು ಕಾಸೂಣ್ರಿ ಯಜಮಾನ್ರ. ಕೆಳಗ ಹೊಟ್ಟ ಅದ."

"ಬಿಚ್ಚಿದ್ರ ಹಳಿ ಮುರೀತಾವೋ. ಒದ್ದಿ ಅರಿವಿ ಹಾಸೀನಲ್ಲ."

ಸಣ್ಣ ಗ್ಯಾಸ್ ಟಾರ್ಚಿನಿಂದ ಕಾಸಿ ಬೆಸೆದರು. ಟಾರ್ಚ್ ಆರಿಸಿದಾಗ ಮಧ್ಯಾಹ್ನ ಹನ್ನೆರಡೂವರೆ. ಜಟ್ಟೆಪ್ಪ ಬಕೆಟ್ ಎಳೆದುಕೊಂಡು ಕೂತ.

ಅಂದು ಎಳ್ಳಮಾವಾಸ್ಯೆ. ಊರಲ್ಲಾದರೆ ಹೊಲಕ್ಕೆ ಹೋಗಿ, ಭೂತಾಯಿಗೆಂದು ಮಾಡಿದ ಅಡುಗೆಯನ್ನು ಬೆಳೆಗೆ ಚರಗ ಚೆಲ್ಲಿ, ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ದಿನ. ಪುಣೆಯಲ್ಲಿ ಹೊಲ ಎಲ್ಲಿಂದ ಬರಬೇಕು? ಲೋಕನಾಥರ ಹೆಂಡತಿ ಅನುಸೂಯಾಬಾಯಿ ಹಿತ್ತಲಿನ ನಾಲ್ಕು ಮೊಳ ಜಾಗದಲ್ಲೇ ಜೋಳ ಬೆಳೆಸಿದ್ದರು. ಅಲ್ಲಿಂದಲೇ ಕೂಗಿದರು: "ಜಟ್ಟೆಪ್ಪ, ಬಾರಪ್ಪ. ಚರಗ ಚೆಲ್ಲಾಕ ಮನಿಮಂದಿ ಎಲ್ಲಾ ಇರಬೇಕು."

"ಒಂದ ತಾಸ ಆಗಲ್ರಿ ಬಾಯಾರ."

ಲೋಕನಾಥರು ರಟ್ಟೆ ಹಿಡಿದರು. "ಇವತ್ತಿನ ದಿನ ನೀ ಉಪಾಸ ಕುಂತ್ರ ನಮಗ ತುತ್ತ ಇಳಿತದೇನು? ಏಳು."

ಮನಿಮಂದಿ! ಕಾರ್ಖಾನೆಯಲ್ಲಿ ಅವನನ್ನು ಯಾರೂ ಊಟಕ್ಕೆ ಕರೆದವರಲ್ಲ. ಬಕೆಟ್ಟಿನ ಪಕ್ಕದಲ್ಲೇ ಡಬ್ಬಿ ಬಿಚ್ಚಿ ಒಬ್ಬನೇ ಉಣ್ಣುತ್ತಿದ್ದ. ಜಟ್ಟೆಪ್ಪ ಎದ್ದ. ಕೂತು ಹತ್ತು ನಿಮಿಷವೂ ಆಗಿರಲಿಲ್ಲ.

ಸಜ್ಜೆ ರೊಟ್ಟಿ, ಭಜ್ಜಿ ಪಲ್ಯೆ ಮುಗಿದು, ಅನುಸೂಯಾಬಾಯಿ ಎರಡನೇ ಶೇಂಗಾ ಹೋಳಿಗೆ ಬಡಿಸುವಾಗ ಅವನ ಮೂಗಿಗೆ ವಾಸನೆ ಬಡಿಯಿತು. ಎಂಜಲು ಕೈಯಲ್ಲೇ ಓಡಿದ. ಹೊಟ್ಟಿನೊಳಗೆ ಅಡಗಿದ್ದ ಕಿಡಿ ಗುಡ್ಡಗಳಿಗೆ ಹತ್ತಿ, ಕೋಣೆ ತುಂಬ ಕಪ್ಪು ಹೊಗೆ. ಬಕೆಟ್ಟು ಆ ಹೊಗೆಯೊಳಗೇ ಉಳಿದಿತ್ತು. ಹಿಂದೆಯೇ ಬಂದ ಲೋಕನಾಥರು ಒಳನುಗ್ಗಿ ತಮ್ಮ ಪುಟ್ಟ ರೈಲಿನ ಎಂಜಿನ್ನುಗಳಿಗೆ ಕೈ ಹಾಕಿದರು. ಜಟ್ಟೆಪ್ಪ ಅವರನ್ನು ಸೊಂಟ ಹಿಡಿದು ಹೊರಗೆಳೆದ. ಅಗ್ನಿಶಾಮಕದವರು ಬಂದು ನೀರು ಹೊಡೆದಾಗ ಉಳಿದದ್ದು ಸೇತುವೆ ಒಂದೇ. ಕರ್ರಗಾಗಿತ್ತು, ಬೆಸುಗೆ ಮಾತ್ರ ಗಟ್ಟಿಯಾಗಿತ್ತು.

ಸಂಜೆ ವಿನೀತ ಬಂದ. ಎರಡೂ ಕೈಗೆ ಪಟ್ಟಿ ಸುತ್ತಿಸಿಕೊಂಡಿದ್ದ ಲೋಕನಾಥರು, ಜಟ್ಟೆಪ್ಪ ಬಾಯಿ ತೆರೆಯುವ ಮೊದಲೇ ಹೇಳಿಬಿಟ್ಟರು: "ಶಾರ್ಟ್ ಸರ್ಕಿಟ್ ಆತು. ನನ್ನ ಜೀವಾ ಉಳಿಸಿದಾಂವ ಇಂವನ. ನಿನ್ನ ಕಡೆ ತಗೋ."

"ಸೋಮವಾರ ಬರ್ರಿ," ಎಂದ ವಿನೀತ.

ಯಮನವ್ವನ ಬಿರಿದ ಬೆರಳುಗಳು ಜಟ್ಟೆಪ್ಪನ ಕಣ್ಣೆದುರು ಬಂದವು. ಹೂಂ ಅಂದರೆ ಸಾಕಿತ್ತು.

"ಶಾರ್ಟ್ ಸರ್ಕಿಟ್ ಅಲ್ರಿ ಸಾಹೇಬ್ರ. ನಾ ಕಾವಲ ಬಿಟ್ಟು ಎದ್ದ ಹೋಗಿದ್ದೆ."

"ನಾನ ಎಬ್ಬಿಸಿದೆ! ಇಂವಂದೇನ ತಪ್ಪ?" ಲೋಕನಾಥರು ಅಳುತ್ತಿದ್ದರು.

"ಬೈದು ಕರದಿದ್ರ ನಾ ಏಳತಿರಲಿಲ್ರಿ ಯಜಮಾನ್ರ. ಪ್ರೀತಿಲೆ ಕರದ್ರಿ, ಎದ್ದೆ. ನಾಳಿ ಅಲ್ಲೂ ಯಾರರ ಹಂಗ ಕರದ್ರ ಮತ್ತ ಏಳ್ತೀನಿ. ಅಲ್ಲಿ ಮಂದಿ ಇರ್ತಾರ್ರಿ. ನನ್ನ ತಗೋಬ್ಯಾಡ್ರಿ ಸಾಹೇಬ್ರ."

ವಿನೀತ ಎರಡನೇ ಸಲ ಕರೆಯಲಿಲ್ಲ.