ಪಾರಿವಾಳ ಕೂರುವ ಛಾವಣಿ

ಮೊದಲ ದೊಡ್ಡ ಹಿಮ ಬಿದ್ದು ನಿಂತ ಮೇಲೆ ಝೆಲಿಯಾ ಪ್ರತಿ ವರ್ಷ ಒಂದು ಕೆಲಸ ಮಾಡುತ್ತಾಳೆ. ಮಹಡಿಯ ಉತ್ತರದ ಕೋಣೆಗೆ ಹೋಗಿ ಮಗ್ಗಕ್ಕೆ ಹಳೆಯ ದುಪ್ಪಟಿ ಹೊದಿಸುತ್ತಾಳೆ. ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಸುರುಳಿ ಸುತ್ತಿದ ಚಿಂದಿ ತುರುಕುತ್ತಾಳೆ. ಆಮೇಲೆ ಏಪ್ರಿಲ್‌ವರೆಗೆ ಆ ಬಾಗಿಲು ತೆರೆಯುವುದಿಲ್ಲ. ಆ ಕೋಣೆಯಲ್ಲಿ ಲೋಟದ ನೀರು ಗಟ್ಟಿಯಾಗುತ್ತದೆ. ಬೆರಳು ಲಾಳಿ ಹಿಡಿಯುವುದಿಲ್ಲ.

ಊರು ಅಮೆರಿಕದ ಮೇನ್ ರಾಜ್ಯದ ಉತ್ತರದ ತುದಿಯಲ್ಲಿದೆ. ನದಿಯ ಆಚೆ ದಡ ಕೆನಡಾ. ಬೇಸಿಗೆಯೆಲ್ಲ ಆಲೂಗಡ್ಡೆ ಹೊಲ, ಅದು ಮುಗಿದರೆ ಅಗೆತ, ಅಗೆತ ಮುಗಿದರೆ ಗೋದಾಮು. ಕೈ ಬಿಡುವಾಗುವುದು ಚಳಿಗಾಲದಲ್ಲಿ. ಆದರೆ ಕೈ ಬಿಡುವಾದ ಹೊತ್ತಿಗೆ ಮಗ್ಗ ಹೊದ್ದು ಮಲಗಿರುತ್ತದೆ.

ಹಾಗಾಗಿ ಝೆಲಿಯಾ ಅಡುಗೆಮನೆಯ ಸೌದೆ ಒಲೆಯ ಪಕ್ಕ ಕುಳಿತು ಮನಸ್ಸಿನಲ್ಲೇ ನೇಯುತ್ತಾಳೆ. ಮಧ್ಯಾಹ್ನದ ಮಂಕು ಬೆಳಕಿನಲ್ಲಿ ಕಣ್ಣು ಎಳೆಯುತ್ತದೆ. ಕಿಟಕಿಯ ಹೊರಗೆ ಹಿಮ ನೆಟ್ಟಗೆ ಇಳಿಯುತ್ತದೆ, ಮಗ್ಗಕ್ಕೆ ಕಟ್ಟಿದ ಹಾಸು ನೂಲಿನ ಹಾಗೆ. ಆ ಬಿಳಿ ಎಳೆಗಳ ನಡುವೆ ಅವಳ ಲಾಳಿ ಒಂದು ನೀಲಿ ನೂಲನ್ನು ಹಾಯಿಸುತ್ತ ನದಿಯ ಆಚೆ ದಡದವರೆಗೆ ಹೋಗುತ್ತದೆ, ತಿರುಗಿ ಬರುತ್ತದೆ. ಹೊಲ, ಗೋದಾಮು, ಇಗರ್ಜಿ ಎಲ್ಲ ಒಂದೇ ಕಂಬಳಿಯೊಳಗೆ ನೇಯ್ದು ಹೋಗುತ್ತವೆ. ಅಷ್ಟರಲ್ಲಿ ಮನೆ ಬೆಚ್ಚಗಿಡುವ ನೆಲಮಾಳಿಗೆಯ ಬಾಯ್ಲರ್ ಗುರ್ರೆಂದು ಹೊತ್ತಿಕೊಳ್ಳುತ್ತದೆ. ಎಚ್ಚರವಾಗುತ್ತದೆ. ಬಾಯ್ಲರ್ ಕುಡಿಯುವ ಎಣ್ಣೆಯ ನೆನಪಾಗುತ್ತದೆ.

ಈ ಸಲ ಅವಳು ದುಪ್ಪಟಿ ಹೊದಿಸುತ್ತಿದ್ದಾಗ ಗಂಡ ರೋಸೇರ್ ಬಾಗಿಲಲ್ಲಿ ಬಂದು ನಿಂತ.

"ಕರಾವಳಿ ಕಡೆಯಿಂದ ಹಳೇ ಸಾಮಾನಿನವನು ಫೋನ್ ಮಾಡಿದ್ದ. ಮಗ್ಗ ಇದ್ರೆ ಕೊಡ್ತೀರಾ ಅಂದ."

"ನೀನೇನಂದೆ?"

"ಕೇಳಿ ಹೇಳ್ತೀನಿ ಅಂದೆ. ಒಂದು ಟ್ಯಾಂಕಿ ಎಣ್ಣೆ ಬರೋಷ್ಟು ಕೊಡ್ತಾನಂತೆ. ಐದು ತಿಂಗಳು ಹೊದ್ದು ಮಲಗೋ ಮಗ್ಗ ಕಣೇ ಇದು. ಯಾರಿಗೆ ಬೇಕು?"

ಝೆಲಿಯಾ ದುಪ್ಪಟಿಯ ಅಂಚು ಎಳೆದು ಸರಿಮಾಡಿದಳು. ರೋಸೇರ್ ಕೆಟ್ಟವನಲ್ಲ. ಅವನ ಲೆಕ್ಕ ಸರಳ. ಚಳಿಗಾಲಕ್ಕೆ ಮೂರು ಟ್ಯಾಂಕಿ ಎಣ್ಣೆ ಬೇಕು, ಎರಡಕ್ಕೆ ದುಡ್ಡಿದೆ. ಆ ಲೆಕ್ಕದಲ್ಲಿ ತಪ್ಪಿಲ್ಲ. ಮಗ್ಗ ಅವಳ ಅಜ್ಜಿಯದು ಎನ್ನುವುದು ಆ ಲೆಕ್ಕಕ್ಕೆ ಸೇರುವುದಿಲ್ಲ, ಅಷ್ಟೆ. ಹಳೇ ಸಾಮಾನಿನವನು ಕ್ರಿಸ್‌ಮಸ್ ಮುಗಿದ ಮೇಲೆ ಬರುತ್ತಾನೆ ಎಂದು ಗೊತ್ತಾಯಿತು.

ಭಾನುವಾರ ಪೂಜೆ ಮುಗಿಸಿಕೊಂಡು ಪಕ್ಕದ ಮನೆಯ ಜೆರ್ಮೇನ್ ಗಂಡ ಹೆಂಡತಿಯ ಜೊತೆಗೇ ಬಂದಳು. ರೋಸೇರ್‌ಗಿಂತ ಹತ್ತು ವರ್ಷ ದೊಡ್ಡವಳು. ಅವನನ್ನು ಚಿಕ್ಕಂದಿನಿಂದ ಬೈದು ರೂಢಿ. ಮೂವರೂ ಇಗರ್ಜಿಯ ಗುಡ್ಡ ಇಳಿಯುತ್ತಿದ್ದರು. ರಾತ್ರಿಯೆಲ್ಲ ಹಿಮ ಬಿದ್ದಿತ್ತು. ಕೆಳಗೆ ಊರಿನ ಛಾವಣಿಗಳೆಲ್ಲ ಬೆಳ್ಳಗೆ ಉಬ್ಬಿಕೊಂಡು, ಇನ್ನೂ ಏಳದ ಮಕ್ಕಳ ಹಾಗೆ ಮಲಗಿದ್ದವು. ಒಂದು ಛಾವಣಿ ಮಾತ್ರ ಕಪ್ಪಗಿತ್ತು. ಅದರ ನೆತ್ತಿಯ ಮೇಲೆ ಉದ್ದಕ್ಕೂ ಪಾರಿವಾಳಗಳು ಕೂತಿದ್ದವು. ಸೂರಿನಿಂದ ತೋಳುದ್ದದ ಮಂಜುಗಡ್ಡೆಯ ಕಡ್ಡಿಗಳು ಇಳಿಬಿದ್ದು ಬಿಸಿಲಿಗೆ ಹೊಳೆಯುತ್ತಿದ್ದವು.

"ನೋಡು," ಎಂದ ರೋಸೇರ್, ಎದೆ ಸ್ವಲ್ಪ ಮುಂದೆ ತಂದು. "ಊರಲ್ಲೆಲ್ಲ ಮೊದಲು ಹಿಮ ಬಿಡೋದು ನಮ್ಮ ಛಾವಣಿ. ಅಪ್ಪ ಹೇಳ್ತಿದ್ದ, ಪಾರಿವಾಳ ಸುಮ್ಮನೆ ಎಲ್ಲ ಮನೆ ಮೇಲೂ ಕೂರಲ್ಲ, ಕೈಗುಣ ನೋಡಿ ಕೂರ್ತವೆ ಅಂತ."

ಊರಿನ ಅರ್ಧ ಜನ ಹಾಗೆಯೇ ನಂಬಿದ್ದರು. ಹಿಮ ಬೇಗ ಜಾರುವ ಛಾವಣಿ ಒಳ್ಳೆಯ ಛಾವಣಿ. ಝೆಲಿಯಾಳಿಗೂ ಆ ಹಕ್ಕಿಗಳು ಇಷ್ಟವೇ. ಮಂಪರಿನಲ್ಲಿ ಅವುಗಳ ಗುಟುರ್‌ಗೂ ದನಿ ಮಗ್ಗದ ಸದ್ದಿನ ಹಾಗೆ ಕೇಳುತ್ತಿತ್ತು.

ಜೆರ್ಮೇನ್ ಮೂಗು ಒರೆಸಿಕೊಂಡಳು. "ಪಾರಿವಾಳಕ್ಕೆ ನಿಮ್ಮಪ್ಪನ ಕೈಗುಣ ಏನು ಗೊತ್ತೋ? ಅವು ಕಾಲು ಬೆಚ್ಚಗೆ ಮಾಡ್ಕೋತಿದ್ದಾವೆ."

"ಅಂದ್ರೆ?"

"ಅಂದ್ರೆ ನೀನು ಎಣ್ಣೆ ತಂದು ಹಕ್ಕಿಗಳಿಗೆ ಒಲೆ ಹಚ್ಚಿದ್ದೀಯ. ಒಳಗಿನ ಬಿಸಿ ಅಟ್ಟಕ್ಕೆ ಹೋಗ್ತಿದೆ, ಅಟ್ಟದಿಂದ ಛಾವಣಿಗೆ. ಹಿಮ ಕರಗುತ್ತೆ, ಕರಗಿದ ನೀರು ಸೂರಿಗೆ ಬಂದು ಹೆಪ್ಪುಗಟ್ಟುತ್ತೆ. ಆ ಕಡ್ಡಿಗಳೆಲ್ಲ ನಿನ್ನ ಎಣ್ಣೆನೇ ಮಾರಾಯ, ತೂಗುಹಾಕಿದ್ದೀಯ."

ರೋಸೇರ್ ನಕ್ಕ. "ನಾನು ಮನೆಗೆ ಲಂಗ ಉಡಿಸಿದ್ದೀನಿ ಜೆರ್ಮೇನ್. ಗಾಳಿ ಎಲ್ಲಿಂದ ನುಗ್ಗುತ್ತೆ?"

ಲಂಗವೆಂದರೆ ಫರ್ ಮರದ ಸೊಪ್ಪು. ಅಕ್ಟೋಬರಿನಲ್ಲಿ ಆ ಊರಿನವರು ಕಾಡಿಗೆ ಹೋಗಿ ಸೊಪ್ಪು ಕಡಿದು ತಂದು ಮನೆಯ ಬುಡದ ಸುತ್ತ ಒತ್ತಾಗಿ ಜೋಡಿಸುತ್ತಾರೆ. ರೋಸೇರ್ ಜೋಡಿಸಿದರೆ ಇಲಿಯೂ ತೂರುವುದಿಲ್ಲ.

"ನುಗ್ಗೋದಲ್ಲ, ಹೋಗೋದು ನೋಡು. ಬಿಸಿ ಗಾಳಿ ಮೇಲಕ್ಕೆ ಹೋಗುತ್ತೋ ಕೆಳಕ್ಕೋ? ಕಾಲಿಗೆ ಲಂಗ ಉಡಿಸಿ ನೆತ್ತಿ ಬೋಳು ಬಿಟ್ಟಿದ್ದೀಯ."

"ನಮ್ಮ ಛಾವಣಿ ಚೆನ್ನಾಗಿದೆ, ಅದಕ್ಕೆ ಹಿಮ ಜಾರುತ್ತೆ. ಅಪ್ಪ ಕೂರಿಸಿದ ಇಳಿಜಾರು ಅದು."

"ಹಾಗಾದ್ರೆ ನಿನ್ನ ಕೊಟ್ಟಿಗೆ ಕಟ್ಟಿದ್ದು ಯಾರು?"

"ಅಪ್ಪನೇ. ಅದೇ ವರ್ಷ. ಅದೇ ಇಳಿಜಾರು, ಅದೇ ಹೊದಿಕೆ."

ಜೆರ್ಮೇನ್ ಕೈಗವಸು ಹಾಕಿದ ಬೆರಳನ್ನು ಚಾಚಿದಳು. ಮನೆಯ ಹಿಂದಿನ ಕೊಟ್ಟಿಗೆಯ ಛಾವಣಿಯ ಮೇಲೆ ಮೊಣಕಾಲೆತ್ತರ ಹಿಮ ಮಿಸುಕದೆ ಕೂತಿತ್ತು. ಅಲ್ಲಿ ಬಾಯ್ಲರ್ ಇಲ್ಲ. ಒಂದು ಪಾರಿವಾಳವೂ ಇರಲಿಲ್ಲ.

ರೋಸೇರ್ ಗುಡ್ಡದ ಅರ್ಧದಲ್ಲಿ ನಿಂತುಬಿಟ್ಟ. ಕೊಟ್ಟಿಗೆ ನೋಡಿದ, ಮನೆ ನೋಡಿದ, ಮತ್ತೆ ಕೊಟ್ಟಿಗೆ ನೋಡಿದ. ಹೊಗೆಸೊಪ್ಪಿನ ಪೈಪ್ ಬಾಯಿಗಿಟ್ಟುಕೊಂಡು ಹಚ್ಚುವುದನ್ನು ಮರೆತ.

ಆ ದಿನ ಊಟಕ್ಕೆ ಮೊದಲು ಅವನು ಏಣಿ ತಂದ. ಅಟ್ಟದ ಬಾಯಿ ಮಹಡಿಯ ಪಡಸಾಲೆಯ ನೆತ್ತಿಯಲ್ಲಿತ್ತು. ಅವನ ಅಪ್ಪ ಅಲ್ಸೀದ್ ಸತ್ತ ಮೇಲೆ ಯಾರೂ ತೆಗೆದಿರಲಿಲ್ಲ. ಮುಚ್ಚಳಕ್ಕೆ ಬಣ್ಣ ಅಂಟಿಕೊಂಡಿತ್ತು. ರೋಸೇರ್ ಭುಜ ಕೊಟ್ಟು ತಳ್ಳಿ, ಟಾರ್ಚ್ ಹಿಡಿದು ಒಳಗೆ ನುಸುಳಿದ. ಕೆಳಗೆ ಝೆಲಿಯಾ ಏಣಿ ಹಿಡಿದಿದ್ದಳು. ಜೆರ್ಮೇನ್ ಅಡುಗೆಮನೆಯಿಂದ ಪ್ಲೋಯ್ ಒಂದನ್ನು ಎತ್ತಿಕೊಂಡು ಬಂದು ತಿನ್ನುತ್ತ ನಿಂತಳು. ಒಂದೇ ಮಗ್ಗುಲು ಬೇಯಿಸಿದ, ಮೈತುಂಬ ತೂತಿನ, ಅವರ ಕಡೆಯ ದೋಸೆ ಅದು.

ಮೇಲಿನಿಂದ ರೋಸೇರ್‌ನ ದನಿ ಬಂತು.

"ಝೆಲಿಯಾ, ಒಲೆ ಮೇಲೆ ಏನಿಟ್ಟಿದ್ದೀಯ?"

"ಕೋಳಿ ಸಾರು. ಯಾಕೆ?"

"ಇಲ್ಲಿ ಘಂ ಅಂತಿದೆ."

ಝೆಲಿಯಾ ಏಣಿ ಹತ್ತಿ ಒಳಗೆ ತಲೆ ಹಾಕಿದಳು. ಹೌದು. ತನ್ನ ಅಡುಗೆಮನೆಯ ವಾಸನೆ, ಈರುಳ್ಳಿ, ಸೊಪ್ಪು, ಕೋಳಿ, ಎಲ್ಲ ಅಲ್ಲಿತ್ತು. ರೋಸೇರ್ ಕೋಟು ಬಿಚ್ಚಿ ತೊಲೆಯ ಮೇಲೆ ಕೂತಿದ್ದ. ಟಾರ್ಚಿನ ಬೆಳಕಿನಲ್ಲಿ ಮೊಳೆಗಳ ಮೊನೆಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಅಲ್ಸೀದ್ ಒಂದು ಕಾಲಕ್ಕೆ ಹಾಸಿದ್ದ ಮರದ ಹೊಟ್ಟು ಎರಡು ಬೆರಳಿನಷ್ಟಕ್ಕೆ ಕುಸಿದಿತ್ತು. ಕೆಲವು ಕಡೆ ಬರೀ ಹಲಗೆ. ಚಿಮಣಿಯ ಸುತ್ತ ಬೆಕ್ಕು ತೂರುವಷ್ಟು ಸಂದಿ. ಅದರ ಮೇಲೆ ಕೈಯಿಟ್ಟರೆ ಹಸು ಉಸಿರು ಬಿಟ್ಟ ಹಾಗೆ ಬೆಚ್ಚಗಿನ ಗಾಳಿ.

ಅವಳಿಗೆ ತಾನು ಕನಸಿನೊಳಗೆ ಬಂದು ನಿಂತ ಹಾಗಾಯಿತು. ಕೆಳಗೆ ತನ್ನ ಕೋಣೆಯಲ್ಲಿ ನೀರು ಗಟ್ಟಿಯಾಗುತ್ತಿದೆ. ತಾನು ಸುಟ್ಟ ಸೌದೆ, ಅವನು ತಂದ ಎಣ್ಣೆ, ಇಷ್ಟು ವರ್ಷದ ಚಳಿಗಾಲಗಳ ಬಿಸಿಯೆಲ್ಲ ಈ ಕತ್ತಲೆಯಲ್ಲಿ ಹಾದು, ಯಾರಿಗೂ ಬೇಡವಾಗಿ, ಆಕಾಶಕ್ಕೆ ಹೋಗಿದೆ.

"ಅಪ್ಪ ಈ ಸಂದಿ ಹಾಗೇ ಬಿಟ್ಟಿದ್ದಾನೆ," ಎಂದ ರೋಸೇರ್ ಸಣ್ಣ ದನಿಯಲ್ಲಿ.

"ಬೇಕಂತಲೇ ಬಿಟ್ಟಿದ್ದಾನೆ," ಕೆಳಗಿನಿಂದ ಜೆರ್ಮೇನ್ ಅಂದಳು. "ಇಟ್ಟಿಗೆಗೆ ಮರ ತಾಗಿದ್ರೆ ಬೆಂಕಿ. ಅವನು ಮಾಡಿದ್ದು ಸರಿ. ಆಗ ಎಣ್ಣೆ ಅಗ್ಗ ಇತ್ತು, ಬಿಸಿ ಹೋದ್ರೆ ಹೋಗ್ಲಿ ಅಂದ. ಈಗ ಆ ಸಂದಿಗೆ ತಗಡು ಕತ್ತರಿಸಿ ಹಾಕ್ತಾರೆ, ಅಂಚಿಗೆ ಬೆಂಕಿ ತಡೆಯೋ ಗಾರೆ ಹಚ್ತಾರೆ. ಚಿಂದಿ, ಕಾಗದ, ಉಬ್ಬೋ ನೊರೆ, ಯಾವುದೂ ಅಲ್ಲಿ ತುರುಕೋ ಹಾಗಿಲ್ಲ. ನನ್ನ ಮನೇಲಿ ನಾನೂ ಮೊದಲು ಚಿಂದಿ ತುರುಕೋಕೆ ಹೋಗಿ ಬೈಸಿಕೊಂಡಿದ್ದೆ."

ಊಟಕ್ಕೆ ಕೂತಾಗ ರೋಸೇರ್ ಇನ್ನೂ ಬಗ್ಗಿರಲಿಲ್ಲ.

"ಸರಿ, ಹೋಗ್ತಿದೆ ಅಂತಾನೇ ಇಟ್ಕೋ. ಮುಚ್ಚೋಕೆ ಎಷ್ಟಾಗುತ್ತೆ? ಆ ದುಡ್ಡು ವಾಪಸ್ ಬರೋ ಹೊತ್ತಿಗೆ ನಾನು ಮಣ್ಣಲ್ಲಿರ್ತೀನಿ."

"ಅಷ್ಟು ಬೇಗ ಹೋಗೋನಲ್ಲ ನೀನು. ನನ್ನ ಮನೆಯದು ಹೇಳ್ತೀನಿ ಕೇಳು. ನಿನ್ನ ಮನೆಯಷ್ಟೇ ಅಗಲ. ಸಂದಿ ಮುಚ್ಚೋ ಸಾಮಾನು, ಮೇಲೆ ಊದಿ ತುಂಬೋಕೆ ಹಳೇ ಕಾಗದ ಹಿಂಜಿ ಮಾಡಿದ ಕಾಗದದ ಹತ್ತಿ, ಅದಕ್ಕೆ ಬೆಂಕಿ ಹತ್ತದ ಹಾಗೆ ಪುಡಿ ಬೆರೆಸಿರ್ತಾರೆ, ಎಲ್ಲ ಸೇರಿ ಒಂದೂವರೆ ಟ್ಯಾಂಕಿ ಎಣ್ಣೆಯ ದುಡ್ಡಾಯ್ತು. ಕೆಲಸ ನಾನೂ ನನ್ನ ತಮ್ಮನೂ ಮಾಡಿದ್ವಿ. ಊದೋ ಯಂತ್ರ ಅಂಗಡಿಯವನೇ ಬಾಡಿಗೆಗೆ ಕೊಟ್ಟ. ಆ ಚಳಿಗಾಲ ಮುಕ್ಕಾಲು ಟ್ಯಾಂಕಿ ಉಳೀತು."

ರೋಸೇರ್ ಚಮಚ ಕೆಳಗಿಟ್ಟ. ತುಟಿ ಅಲ್ಲಾಡಿಸಿದ. "ಎರಡು ಚಳಿಗಾಲ."

"ಎರಡು ಚಳಿಗಾಲ. ಕೂಲಿಯವರನ್ನು ಕರೆಸಿದ್ರೆ ನಾಲ್ಕೋ ಐದೋ. ಆಮೇಲೆ ಮನೆ ನಿಂತಿರೋವರೆಗೆ ಉಳಿಕೆ."

"ಅದೇ ದುಡ್ಡಿಗೆ ಹೊಸ ಕಿಟಕಿ ಹಾಕಿಸಿದ್ರೆ?"

"ಕಿಟಕಿ ಬಂದವರಿಗೆಲ್ಲ ಕಾಣುತ್ತೆ. ಅಟ್ಟ ಯಾರಿಗೂ ಕಾಣಲ್ಲ. ಅದಕ್ಕೇ ಎಲ್ಲರೂ ಕಿಟಕಿ ಹಾಕಿಸೋದು. ಕಿಟಕಿಗೆ ದುಡ್ಡು ಜಾಸ್ತಿ, ಉಳಿಯೋದು ಕಮ್ಮಿ. ಮೊದಲು ನೆತ್ತಿ ಮುಚ್ಚು."

"ಮನೆ ಉಸಿರಾಡ್ಬೇಕು ಅಂತಾರಲ್ಲ?"

"ಅಟ್ಟ ಉಸಿರಾಡ್ಲಿ. ಸೂರಿನ ಹತ್ರ ಗಾಳಿ ಕಿಂಡಿ ಇದೆಯಲ್ಲ, ಅದನ್ನ ಮುಚ್ಚಬೇಡ. ಉಸಿರು ಬಿಗಿಹಿಡಿಯಬೇಕಾದ್ದು ಅಡುಗೆಮನೆ."

ಝೆಲಿಯಾ ಸೌಟು ಕೆಳಗಿಟ್ಟು ಮಾತಾಡಿದಳು.

"ಮಗ್ಗ ಮಾರಿದ್ರೆ ಒಂದು ಟ್ಯಾಂಕಿ ಬರುತ್ತೆ. ಮಾರ್ಚ್ ಹೊತ್ತಿಗೆ ಅದನ್ನೂ ಪಾರಿವಾಳ ಕಾಯಿಸ್ಕೊಂಡಿರ್ತವೆ. ಮುಂದಿನ ವರ್ಷ ಏನು ಮಾರ್ತೀಯ?"

ರೋಸೇರ್ ತಟ್ಟೆ ನೋಡಿದ.

"ಕೊಟ್ಟಿಗೆಯಲ್ಲಿ ಇನ್ನೊಂದಿದೆಯಲ್ಲ," ಎಂದಳು ಜೆರ್ಮೇನ್. "ಓಡದ ಹಿಮಬಂಡಿ. ರಿಪೇರಿ ಮಾಡ್ತೀನಿ ಅಂತ ಎಷ್ಟು ವರ್ಷದಿಂದ ಇಟ್ಕೊಂಡಿದ್ದೀಯ?"

"ಅದರ ಇಂಜಿನ್ ಚೆನ್ನಾಗಿದೆ."

"ಚೆನ್ನಾಗಿದ್ರೆ ಒಳ್ಳೇ ಬೆಲೆ ಬರುತ್ತೆ."

ಝೆಲಿಯಾ ಸಾರಿನ ಪಾತ್ರೆ ಮುಂದೆ ತಳ್ಳುವ ನೆಪದಲ್ಲಿ ನಗುವನ್ನು ಬಚ್ಚಿಟ್ಟಳು. ರೋಸೇರ್ ಎರಡನೇ ಸಲ ಬಡಿಸಿಕೊಂಡ. ತಿಂದು ಮುಗಿಸಿ, ಹಳೇ ಸಾಮಾನಿನವನಿಗೆ ಫೋನ್ ಮಾಡಿದ. "ಮಗ್ಗ ಇಲ್ಲ. ಹಿಮಬಂಡಿ ಬೇಕಾ?" ಎಂದು ಕೇಳಿದ. ಅವನಿಗೆ ಬೇಡವಾಗಿತ್ತು. ನದಿಯಾಚೆಯ ಒಬ್ಬನಿಗೆ ಬೇಕಾಗಿತ್ತು. ಬಂದ ದುಡ್ಡಿಗೆ ಸ್ವಲ್ಪ ಕೈಯಿಂದ ಸೇರಿಸಿದರು.

ಕೆಲಸ ಎರಡು ದಿನ ಹಿಡಿಯಿತು. ಮೊದಲು ಹಳೆಯ ವೈರು ನೋಡಲು ವಿದ್ಯುತ್ ಕೆಲಸದವನನ್ನು ಕರೆಸಿದರು. ಆಮೇಲೆ ಸಂದಿಗಳು, ಚಿಮಣಿಯ ಸುತ್ತ ತಗಡು, ಅಟ್ಟದ ಬಾಯಿಗೆ ಒತ್ತಾದ ಮುಚ್ಚಳ. ಕೊನೆಗೆ ಕಾಗದದ ಹತ್ತಿ. ಝೆಲಿಯಾ ಯಂತ್ರದ ಬಾಯಿಗೆ ಮೂಟೆ ಸುರಿಯುತ್ತಿದ್ದಳು. ಮೇಲೆ ರೋಸೇರ್ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೊಳವೆ ಹಿಡಿದಿದ್ದ. ಹತ್ತಿ ಸದ್ದಿಲ್ಲದೆ ಬೀಳುತ್ತಿತ್ತು, ಬೂದು ಬಣ್ಣದ ಹಿಮ. ಮೊಣಕಾಲಿನವರೆಗೆ ಬಂದ ಮೇಲೆ ನಿಲ್ಲಿಸಿದರು.

ಪವಾಡವೇನೂ ಆಗಲಿಲ್ಲ. ಆ ಚಳಿಗಾಲವೂ ಎಣ್ಣೆ ಲಾರಿ ಬಂತು. ಆದರೆ ಮೂರನೇ ಸಲ ಬಂದಾಗ ಟ್ಯಾಂಕಿಗೆ ಕಾಲು ಭಾಗ ಎಣ್ಣೆ ಮಾತ್ರ ಹಿಡಿಯಿತು. ಲಾರಿಯವನು ಅಳತೆ ಎರಡು ಸಲ ನೋಡಿದ. ಊರು ಬಿಟ್ಟು ಹೋಗಿದ್ರಾ ಎಂದು ಕೇಳಿದ. ಉತ್ತರದ ಕೋಣೆಯ ಬಾಗಿಲಿನ ಚಿಂದಿ ತೆಗೆದು, ಬಾಗಿಲು ತೆರೆದಿಟ್ಟರು. ಮೆಟ್ಟಿಲು ಹತ್ತಿ ಬಂದ ಬಿಸಿ ಅಲ್ಲೇ ಉಳಿಯಿತು. ಸ್ವೆಟರ್ ಬೇಕು, ಕೈಗವಸು ಬೇಡ. ಅಷ್ಟು ಸಾಕು.

ಜನವರಿಯ ಒಂದು ಬೆಳಿಗ್ಗೆ ಪಾರಿವಾಳಗಳು ಬಂದವು. ಛಾವಣಿಯ ಮೇಲೆ ದಪ್ಪಗೆ ಹಿಮ ಕೂತಿತ್ತು. ಅವು ಎರಡು ಸುತ್ತು ಹಾಕಿ, ಗುಡ್ಡ ಹತ್ತಿ, ಪಾದ್ರಿಯ ಮನೆಯ ಕಪ್ಪು ಛಾವಣಿಯ ಮೇಲೆ ಇಳಿದವು. ರೋಸೇರ್ ಅಂಗಳದಲ್ಲಿ ನಿಂತು ನೋಡುತ್ತಿದ್ದ. ಅವನ ಮುಖ ಸ್ವಲ್ಪ ಸಪ್ಪಗಾಯಿತು.

"ಅಲ್ಲಿಗೆ ಹೋದವು," ಎಂದ.

"ಹೋಗಿ ಪಾದ್ರಿಗೆ ಹೇಳು," ಎಂದಳು ಝೆಲಿಯಾ ಮಹಡಿಯ ಕಿಟಕಿಯಿಂದ. "ಕೈಗುಣ ಅಂತ ಅಲ್ಲ. ಅಟ್ಟ ನೋಡಿ ಅಂತ."

ಕಿಟಕಿ ಮುಚ್ಚಿ ಅವಳು ಮಗ್ಗಕ್ಕೆ ಕೂತಳು. ಹೊರಗೆ ಹಿಮ ನೆಟ್ಟಗೆ ಇಳಿಯುತ್ತಿತ್ತು. ಅವಳು ನೀಲಿ ನೂಲಿನ ಲಾಳಿ ಹಾಯಿಸಿದಳು. ಅದು ಆಚೆ ಹೋಯಿತು, ತಿರುಗಿ ಅವಳ ಕೈಗೇ ಬಂತು.

ಇದನ್ನು ಓದುತ್ತಿರುವವರೇ, ಮುಂದಿನ ಹಿಮ ಬಿದ್ದು ನಿಂತ ಬೆಳಿಗ್ಗೆ ಹೊರಗೆ ಬಂದು ನಿಮ್ಮ ಛಾವಣಿ ನೋಡಿ. ಆಮೇಲೆ ನಿಮ್ಮ ಕೊಟ್ಟಿಗೆಯದನ್ನು ನೋಡಿ. ಮನೆಯ ಮೇಲೆ ಹಿಮ ಇಲ್ಲದೆ ಕೊಟ್ಟಿಗೆಯ ಮೇಲೆ ಇದ್ದರೆ ಏಣಿ ತನ್ನಿ. ಅಟ್ಟದಲ್ಲಿ ಕಾಗೆಬಂಗಾರದಂತೆ ಹೊಳೆಯುವ ಹಳೆಯ ಕಾಳುಗಳು ಕಂಡರೆ ಮುಟ್ಟಬೇಡಿ, ಅವುಗಳಲ್ಲಿ ಶ್ವಾಸಕೋಶ ಕೆಡಿಸುವ ಕಲ್ನಾರು ಇರಬಹುದು, ಗೊತ್ತಿದ್ದವರಿಂದ ಪರೀಕ್ಷೆ ಮಾಡಿಸಿ. ಅದಿಲ್ಲವಾದರೆ ಮೊದಲು ಸಂದಿ ಮುಚ್ಚಿ, ಆಮೇಲೆ ಬಿಸಿ ತಡೆಯುವ ಹತ್ತಿ ತುಂಬಿ. ನಿಮಗೆ ಎಷ್ಟು ಖರ್ಚಾಗುತ್ತದೆ, ಎಷ್ಟು ಉಳಿಯುತ್ತದೆ ಎಂದು ಮಾಡಿಸಿದ ಪಕ್ಕದ ಮನೆಯವರನ್ನು ಕೇಳಿ. ಸರ್ಕಾರದ ನೆರವು ಸಿಗುತ್ತದೆಯೇ ಎಂದು ಪಂಚಾಯ್ತಿಯಲ್ಲಿ ವಿಚಾರಿಸಿ. ಮನೆಯ ಸಾಮಾನು ಮಾರಿ ಎಣ್ಣೆ ತರುವ ಮೊದಲು ಇಷ್ಟು ಮಾಡಿ. ಹಿಮ ನಿಮ್ಮ ಛಾವಣಿಯ ಮೇಲೆ ನಿಲ್ಲಲಿ.